ಉರ್ವದ ಪರದೇಶಿ

"ಟೀಚರ್, ಇವತ್ತಿನ ಮೀಸ್ ಪೂಜೆ ಯಾರ ಆತ್ಮಕ್ಕೆ ಕೊಟ್ಟದ್ದು?"

ಚಾ ಬಗ್ಗಿಸುತ್ತಿದ್ದ ಹೆಲನ್ ಟೀಚರ್ ಕೈ ನಿಲ್ಲಿಸಲಿಲ್ಲ. ಕಪ್ಪು ತುಂಬಿ ಬಸಿಗೂ ಚೆಲ್ಲಿತು.

"ನೀನು ಇಗರ್ಜಿಯಲ್ಲೇ ಇದ್ದೆಯಲ್ಲ ಕಮಲಾಕ್ಷ, ಹಿಂದಿನ ಬೆಂಚಿನಲ್ಲಿ. ಕಿವಿ ಕೇಳ್ತದಲ್ಲ ನಿನಗೆ?"

"ಕೇಳ್ತದೆ. 'ಒಬ್ಬ ಪರದೇಶಿಯ ಆತ್ಮಕ್ಕೆ' ಅಂತ ಪಾದ್ರಿಗಳು ಹೇಳಿದರು."

"ಮತ್ತೆ ಎಂತ ಕೇಳುವುದು? ನೀವೆಲ್ಲ ಸೇರಿ ನನ್ನ ಮಗನನ್ನು ಪರದೇಶಿ ಮಾಡಿದಿರಿ. ಆ ಹೆಸರಿನಲ್ಲೇ ಕೊಟ್ಟೆ. ಚಾ ಕುಡಿ, ತಣ್ಣಗಾಗ್ತದೆ."

ಬೇರೆ ಯಾರಾದರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರನ ಹತ್ತಿರ ಹೀಗೆ ಮಾತಾಡಿದ್ದರೆ ಕಥೆ ಬೇರೆ ಇತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಅದು ಇಡೀ ಸ್ಟೇಷನ್ನಿಗೆ ಗೊತ್ತು. ಆದರೆ ಈ ಹೆಂಗಸು ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ ನನ್ನ ಕಿವಿ ಹಿಂಡಿದವರು. ಆ ಕಿವಿ ಇವತ್ತಿಗೂ ಇವರ ಸ್ವರ ಕೇಳಿದರೆ ಬಿಸಿಯಾಗ್ತದೆ. ನಾನು ಚಾ ಕುಡಿದೆ.

ಒಂದು ತಿಂಗಳ ಹಿಂದೆ ಬೋಳಾರದ ಹೊಳೆಬದಿಯಲ್ಲಿ ಒಂದು ಹೆಣ ಸಿಕ್ಕಿತ್ತು. ತಲೆಯ ಹಿಂದೆ ಪೆಟ್ಟು, ಮುಖವನ್ನು ಮೀನುಗಳು ಉಳಿಸಿರಲಿಲ್ಲ, ಕೋಟಿನ ಒಳಜೇಬಿನಲ್ಲಿ ಮೇಣಬಟ್ಟೆಯಲ್ಲಿ ಸುತ್ತಿದ ಬಾಸಿಲ್ ರೆಬೆಲ್ಲೊನ ಪಾಸ್‌ಪೋರ್ಟ್. ಇದೇ ಟೀಚರ್ ಹೆಣದ ಪಾದ ನೋಡಿ "ಇವನು ನನ್ನ ಮಗನೇ" ಎಂದಿದ್ದರು. ಮನೆಯ ಪಾಲಿಗಾಗಿ ಬಾಸಿಲ್‌ನೊಡನೆ ಹೊಡೆದಾಡಿದ್ದ ಚಿಕ್ಕಪ್ಪ ಒಸ್ವಾಲ್ಡ್ ಈಗ ಕೊಲೆಯ ಆಪಾದನೆಯಲ್ಲಿ ಸಬ್‌ಜೈಲಿನಲ್ಲಿದ್ದ. ಎಲ್ಲ ಕೂಡಿ ಬಂದಿತ್ತು. ನನ್ನ ಮೇಲಿನವರು ನನ್ನ ಬೆನ್ನು ತಟ್ಟಿಯೂ ಆಗಿತ್ತು.

ಇವತ್ತು ಬೆಳಿಗ್ಗೆ ತಿಂಗಳು ತುಂಬಿದ ಮೀಸ್. ಪೂಜೆಗೆ ಮೊದಲು ಪಾದ್ರಿಗಳು ಕೊಂಕಣಿಯಲ್ಲಿ "ಒಬ್ಬ ಪರದೇಶಿಯ ಆತ್ಮಕ್ಕೆ" ಎಂದಾಗ ಇಗರ್ಜಿಯ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿದರು. ಸರಕಾರ ಕೊಟ್ಟ ಹೆಸರನ್ನೇ ತಾಯಿ ದೇವರ ಮುಂದೆ ಇಟ್ಟಳಲ್ಲ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಹೊರಗೆ ಬಂದು ಚಪ್ಪಲಿ ಹಾಕುವಾಗ ನನಗೆ ಎಂತದೋ ಚುಚ್ಚಿತು.

ಆ ಚುಚ್ಚಿದ್ದು ತಿಳಿಯಬೇಕಾದರೆ ನನ್ನ ಕೆಲಸ ಯಾವುದೆಂದು ತಿಳಿದಿರಬೇಕು. ಹೊರದೇಶದವರ ನೋಂದಣಿ ನನ್ನ ಮೇಜಿನದ್ದು. ಜರ್ಮನ್ ಪಾದ್ರಿಗಳು, ಇಟಲಿಯ ಸಿಸ್ಟರುಗಳು, ಗೋವಾದ ಪೋರ್ಚುಗೀಸ್ ಪಾಸ್‌ಪೋರ್ಟಿನವರು, ಎಲ್ಲರೂ ಬಂದು ಸಹಿ ಹಾಕಿ, ನನ್ನ ಗೊಣಗಾಟ ಕೇಳಿ ಹೋಗ್ತಾರೆ. ಒಂದು ದಿನ ಬಾಸಿಲ್ ಬಂದು ನಿಂತ. ಹುಟ್ಟಿದ ಊರು ಮಂಗಳೂರು. ದೇಶ ಪಾಕಿಸ್ತಾನ.

"ಇದೆಂತದು ಮಾರಾಯ?" ಎಂದೆ.

"ನನಗೂ ಅರ್ಥ ಆಗಲಿಲ್ಲ ಸಾರ್" ಎಂದ.

ದೇಶ ಒಡೆಯುವ ಮೊದಲು ಕರಾಚಿಯ ರೈಲ್ವೆಗೆ ಕೆಲಸಕ್ಕೆ ಹೋದವನು ಅವನು. ಆಗ ಅದು ಬೊಂಬಾಯಿಗೆ ಹೋದ ಹಾಗೆ, ಹಡಗು ಹತ್ತಿದರೆ ಮುಗಿಯಿತು. ಆಮೇಲೆ ಗಡಿ ಬಂತು, ವೀಸಾ ಬಂತು. ಊರಿಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಮಾಡಿಸು ಎಂದರು ಜೊತೆಯವರು. ಇವನು ಹೋಗಿ ಮಾಡಿಸಿದ. ತಾಯಿಯನ್ನು ನೋಡುವ ಅವಸರ, ಅದು ಯಾವ ದೇಶದ್ದೆಂದು ಯೋಚಿಸಲಿಲ್ಲ. ಮನೆಗೆ ಬರಲಿಕ್ಕೆಂದು ಮಾಡಿಸಿದ ಪುಸ್ತಕವೇ ಅವನನ್ನು ಸ್ವಂತ ಮನೆಗೆ ನೆಂಟನನ್ನಾಗಿ ಮಾಡಿತು. ಅದೂ ವಾಯಿದೆ ಇರುವ ನೆಂಟ.

ವೀಸಾದಲ್ಲಿ ಬರೆದದ್ದು ಮಂಗಳೂರು ಪೇಟೆ ಮಾತ್ರ. ಪೇಟೆಯ ಹೊರಗಿನ ಕಾವೂರಿನಲ್ಲಿ ಅವನ ಅಪ್ಪನ ಸಮಾಧಿ ಉಂಟು. ಅಲ್ಲಿಗೆ ಒಂದು ಮೇಣದ ಬತ್ತಿ ಹಚ್ಚಲು ಹೋಗಬೇಕಾದರೂ ಅವನು ನನ್ನ ಹತ್ತಿರ ಪರ್ಮಿಟ್ ಕೇಳಬೇಕಿತ್ತು. ನಾನು ಮೇಲಕ್ಕೆ ಬರೆಯಬೇಕಿತ್ತು. ಮೇಲಿನವರು ಉತ್ತರ ಕೊಡುವಷ್ಟರಲ್ಲಿ ಸತ್ತವರ ಹಬ್ಬ ದಾಟಿ ಹೋಗಿತ್ತು.

ವೀಸಾ ಮುಗಿಯಿತು. ಇಲ್ಲೇ ಇರ್ತೇನೆ ಎಂದು ಹಾಕಿದ ಅರ್ಜಿಗೆ ಜವಾಬಿಲ್ಲ. ದೇಶ ಬಿಟ್ಟು ಹೋಗಬೇಕೆಂಬ ನೋಟೀಸು ಮಾತ್ರ ಸರಿಯಾಗಿ ಬಂತು. ಬ್ರಿಟಿಷರಿಗೆ ಹೇಳಿದ ಮಾತನ್ನು ಇದೇ ಪೇಟೆಯ ಉರ್ವದಲ್ಲಿ ಹುಟ್ಟಿದ ಹುಡುಗನಿಗೆ ಹೇಳಲಿಕ್ಕೆ ನನ್ನನ್ನು ಕಳಿಸಿದರು ಮಾರಾಯರೆ. ಹೊರಡಬೇಕಾದ ದಿನದ ಮುನ್ನಾದಿನವೇ ಬಾಸಿಲ್ ಕಾಣೆಯಾದ. ಆಮೇಲೆ ಹೆಣ.

ಈಗ ಚುಚ್ಚಿದ್ದು ಯಾವುದೆಂದು ಹೇಳ್ತೇನೆ. ಬಾಸಿಲ್‌ನ ನೋಂದಣಿಗೆ ಟೀಚರೂ ಬಂದಿದ್ದರು. ನಮ್ಮ ಕಾನ್‌ಸ್ಟೇಬಲ್ ಲಿಗೋರಿ ಅಭ್ಯಾಸದಂತೆ "ಪರದೇಶಿಗಳೆಲ್ಲ ಈಚೆ ಬೆಂಚಿಗೆ ಬನ್ನಿ" ಎಂದು ಕರೆದ. ಟೀಚರ್ ಎದ್ದು ನಿಂತು ಇಡೀ ಕಚೇರಿ ತಿರುಗಿ ನೋಡುವ ಹಾಗೆ ಗದರಿಸಿದರು.

"ನನ್ನ ಮಗನಿಗೆ ಆ ಮಾತು ಹೇಳಬೇಡ! ಪರದೇಶಿ ಅಂದರೆ ದಿಕ್ಕು ದೆಸೆ ಇಲ್ಲದವನು. ತಾಯಿ ಬದುಕಿದ್ದಾಳೆ ಇಲ್ಲಿ. ಇನ್ನೊಂದು ಸಲ ಹೇಳಿದರೆ ನೋಡು!"

ಲಿಗೋರಿ ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಎತ್ತಿಲ್ಲ. ಅಂಥ ತಾಯಿ, ಮಗ ಸತ್ತ ಮೇಲೆ, ದೇವರ ಎದುರು ಅವನನ್ನು ಪರದೇಶಿ ಎನ್ನುವಳೇ? ಜೀವ ಹೋದರೂ ಇಲ್ಲ.

ನಾನು ಕಪ್ಪು ಕೆಳಗಿಟ್ಟೆ.

"ಟೀಚರ್, ಸಮಾಧಿಯ ಶಿಲುಬೆಯ ಮೇಲೆ ಹೆಸರು ಬರೆಸಲಿಲ್ಲ ಯಾಕೆ?"

"ಕಲ್ಲಿನದ್ದು ಮಾಡಿಸುವಾಗ ಬರೆಸ್ತೇನೆ."

"ಮೀನಿನ ವಾರಿಜಾ ದಾರಿಯಲ್ಲಿ ಸಿಕ್ಕಿದ್ದಳು. 'ಪಾಪ, ಬಾಯಮ್ಮ ಒಬ್ಬರೇ, ಆದರೂ ಬುಟ್ಟಿಯ ಅರ್ಧ ಬಂಗುಡೆ ಅವರಿಗೇ ಬೇಕು' ಅಂತ ನಗ್ತಿದ್ದಳು."

"ಬೆಕ್ಕು ಉಂಟು."

"ಬೆಕ್ಕಿಗೆ ಮೆಣಸು ಅರೆದು ಹುರಿದು ಕೊಡ್ತೀರಾ? ವಾಸನೆ ಜಗಲಿಗೆ ಬರ್ತಾ ಉಂಟು."

ಟೀಚರ್ ನನ್ನನ್ನು ನೋಡಿದರು. ಮಗ್ಗಿ ಸರಿಯಾಗಿ ಹೇಳಿದ ದಿನ ಹೀಗೇ ನೋಡುತ್ತಿದ್ದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ನನ್ನ ಅಪ್ಪ ಪುರೋಹಿತರು, ನಿಮಗೆ ಗೊತ್ತುಂಟು" ಎಂದೆ. "ಬದುಕಿದ್ದವನ ಹೆಸರು ಹೇಳಿ ಎಳ್ಳುನೀರು ಬಿಡಬಾರದು, ಅವನ ಆಯುಷ್ಯಕ್ಕೇ ಕೊಡಲಿ ಇಟ್ಟ ಹಾಗೆ ಅಂತ ಹೇಳ್ತಿದ್ದರು. ನಿಮ್ಮಲ್ಲಿಯೂ ಹಾಗೆಯೇ ಇರಬೇಕು. ಹೆಣ ಕೊಯ್ದ ಡಾಕ್ಟರಿಗೆ ಸುಳ್ಳು ಹೇಳಿದಿರಿ. ನನಗೆ ಹೇಳಿದಿರಿ, ಅದು ಬಿಡಿ, ಪೊಲೀಸರಿಗೆ ಸುಳ್ಳು ಕೇಳಿ ಅಭ್ಯಾಸ ಉಂಟು. ದೇವರ ಎದುರು ಮಾತ್ರ 'ಬಾಸಿಲ್ ಸತ್ತ' ಅನ್ನಲಿಕ್ಕೆ ನಿಮ್ಮ ನಾಲಿಗೆ ಏಳಲಿಲ್ಲ."

"ಕಮಲಾಕ್ಷ, ನೀನು ಮನೆಗೆ ಹೋಗು."

"ಹೋಗ್ತೇನೆ. ಒಸ್ವಾಲ್ಡನಿಗೆ ಎಂತ ಹೇಳಲಿ?"

ಅವರು ಸೆರಗಿನ ತುದಿಯಿಂದ ಮೇಜು ಒರೆಸತೊಡಗಿದರು.

"ನಿನ್ನೆ ನೋಡಿ ಬಂದೆ. ಊಟ ಬಿಟ್ಟಿದ್ದಾನೆ. 'ಪಾಲು ಕೇಳಿದ್ದು ಹೌದು ಸಾರ್, ಹೊಡೆದದ್ದೂ ಹೌದು, ಆದರೆ ಅವನು ನನ್ನ ಅಣ್ಣನ ಮಗ' ಅಂತ ಅಳ್ತಾನೆ. ಆ ಮನುಷ್ಯನನ್ನು ನನಗೂ ಕಂಡರಾಗುವುದಿಲ್ಲ. ಆದರೆ ಮಾಡದ ಕೊಲೆಗೆ ಅವನ ಕುತ್ತಿಗೆಗೆ ಹಗ್ಗ ಬೀಳುವುದನ್ನು ನೀವು ನೋಡ್ತೀರಾ?"

ಟೀಚರ್ ಕುರ್ಚಿಯ ಕೈ ಹಿಡಿದು ಮೆಲ್ಲ ಕೂತರು. ಅಲ್ಲಿಯವರೆಗೆ ಅವರು ನಿಂತೇ ಇದ್ದರೆಂದು ನನಗೆ ಆಗ ಗೊತ್ತಾಯಿತು.

"ಅವನನ್ನು ಜೈಲಿಗೆ ಹಾಕ್ತೀರಿ ಅಂತ ನಾನು ಎಣಿಸಲಿಲ್ಲ" ಎಂದರು. "ನೀರಲ್ಲಿ ಮುಳುಗಿ ಸತ್ತ ಅಂತ ಬರೆದು ಮುಗಿಸ್ತೀರಿ ಎಂದುಕೊಂಡೆ. ಪಾಕಿಸ್ತಾನದವನೊಬ್ಬ ಸತ್ತರೆ ನಿಮಗೆ ಒಂದು ಕೆಲಸ ಕಡಿಮೆ ಅಲ್ವಾ?"

"ಹಾಗಾದರೆ ಮಣ್ಣು ಮಾಡಿದ್ದು ಬಾಸಿಲ್‌ನನ್ನು ಅಲ್ಲ."

"ಅಲ್ಲ."

ಒಂದೇ ಮಾತು. ಅಷ್ಟು ಹೇಳಿ ಅವರು ಬಿಕ್ಕಿ ಬಿಕ್ಕಿ ಅತ್ತರು. ಹೆಣದ ಎದುರು ಅಳದವರು, ಗುಂಡಿಗೆ ಮಣ್ಣು ಹಾಕುವಾಗ ಅಳದವರು. ಎಷ್ಟು ಗಟ್ಟಿ ಹೆಂಗಸು ಎಂದು ಊರೆಲ್ಲ ಹೊಗಳಿತ್ತು.

"ಹೊಟ್ಟೆಯಲ್ಲಿ ಹುಟ್ಟಿದವನಿಗೆ ಮನೆಯಲ್ಲಿ ಮಲಗಲಿಕ್ಕೆ ನಿನ್ನ ಸಹಿ ಬೇಕು" ಎಂದರು ಅಳುತ್ತಲೇ. "ಹನ್ನೆರಡು ವರ್ಷ ಕಾದೆ. ಬಂದ. ಬಂದವನನ್ನು ಪುನಃ ಕಳಿಸು ಅಂದಿರಿ. ಹೋದರೆ ಇನ್ನೊಂದು ಸಲ ಬರುವಾಗ ನಾನು ಇರ್ತೇನಾ? ಬದುಕಿದ್ದವನಿಗೆ ಈ ಊರಲ್ಲಿ ಜಾಗ ಇಲ್ಲ, ಸತ್ತವನಿಗೆ ಉಂಟು. ಸತ್ತವನನ್ನು ಯಾರೂ ಗಡಿ ದಾಟಿಸುವುದಿಲ್ಲ. ಅದಕ್ಕೆ ಸಾಯಿಸಿದೆ. ಇರಲಿ, ಒಳಗಿನ ಕೋಣೆಯಲ್ಲಾದರೂ ನನ್ನ ಕಣ್ಣೆದುರು ಇರಲಿ ಅಂತ."

ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಅದರಲ್ಲಿ ಒಂದು ಕಾಗದ ಇತ್ತು.

ನಿನ್ನೆ ಸಂಜೆಯ ಟಪಾಲಿನಲ್ಲಿ ಬೆಂಗಳೂರಿನಿಂದ ಬಂದದ್ದು. ಬಾಸಿಲ್ ರೆಬೆಲ್ಲೊನನ್ನು ದೇಶದಿಂದ ಕಳಿಸಬಾರದು, ಪೌರತ್ವದ ಅರ್ಜಿ ತೀರ್ಮಾನವಾಗುವವರೆಗೆ ತಾಯಿಯ ಮನೆಯಲ್ಲೇ ಇರಬಹುದು. ಅವನು ಸತ್ತನೆಂದು ನಾನು ಬರೆದದ್ದು ಯಾವ ಮೇಜಿನ ಅಡಿಯಲ್ಲಿ ಬಿದ್ದಿತ್ತೋ ಏನೋ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮ ಇಲಾಖೆಯನ್ನು ಮೀರಿಸುವವರಿಲ್ಲ. ಸತ್ತವನ ಹೆಸರಿಗೆ ಬಂದ ಅಪ್ಪಣೆಯನ್ನು ತಾಯಿಗೆ ತೋರಿಸುವುದೋ ಬೇಡವೋ ಎಂದು ರಾತ್ರಿಯಿಡೀ ಹೊರಳಾಡಿದ್ದೆ.

ತೆಗೆದು ಅವರ ಕೈಗೆ ಕೊಟ್ಟೆ.

ಕನ್ನಡಕ ಇರಲಿಲ್ಲ. ಕಾಗದವನ್ನು ದೂರ ಹಿಡಿದು ಓದಿದರು, ತುಟಿ ಅಲ್ಲಾಡುತ್ತಿತ್ತು. ಮುಗಿಸಿ ಪುನಃ ಮೊದಲಿನಿಂದ ಓದಿದರು.

"ಇರಬಹುದಾ?" ಎಂದರು. ಮಕ್ಕಳು ಕೇಳಿದ ಹಾಗೆ ಕೇಳಿದರು. "ಕಮಲಾಕ್ಷ, ಅವನು ಇಲ್ಲೇ ಇರಬಹುದಾ?"

"ಇರಬಹುದು ಅಂತ ಬರೆದಿದ್ದಾರೆ."

"ಸಾಯ್ಬಾ, ದೇವರೇ! ನಾನು ಒಂದು ತಿಂಗಳು ತಡೆಯಬೇಕಿತ್ತು. ಒಂದೇ ಒಂದು ತಿಂಗಳು ತಡೆದಿದ್ದರೆ..." ಮುಖದ ಮೇಲೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಒಳಗಿನ ಬಾಗಿಲ ಕಡೆ ತಿರುಗಿ ಕರೆಯಲು ಬಾಯಿ ತೆರೆದರು.

ಆಗ ನಾನು ಸುಮ್ಮನಿರಬಹುದಿತ್ತು. ಮನುಷ್ಯನಾಗಿದ್ದರೆ ಸುಮ್ಮನಿರುತ್ತಿದ್ದೆ, ಆದರೆ ನಾನು ಪೊಲೀಸ್.

"ಕರೆಯುವ ಮೊದಲು ಒಂದು ಮಾತು ಟೀಚರ್. ಬಾಸಿಲ್ ಬದುಕಿದ್ದಾನೆ ಅಂತಾದರೆ, ಅವನ ಕೋಟು ಹಾಕಿಕೊಂಡು ಸತ್ತವನು ಯಾರು? ತಲೆಯ ಹಿಂದೆ ಪೆಟ್ಟು ಕೊಟ್ಟದ್ದು ಯಾರು? ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಬಾಸಿಲ್‌ನ ಹತ್ತಿರ. ಈ ಅಪ್ಪಣೆ ಹಿಡಿದು ಅವನು ಹೊರಗೆ ಬಂದರೆ, ಒಸ್ವಾಲ್ಡ್ ಬಿಟ್ಟ ಜಾಗಕ್ಕೆ ಇವನನ್ನು ಕೂರಿಸ್ತಾರೆ."

ತೆರೆದ ಬಾಯಿ ಹಾಗೆಯೇ ಮುಚ್ಚಿತು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ವಾಪಸು ಇಟ್ಟರು.

"ಹಾಗಾದರೆ ನನ್ನ ಮಗ ಸತ್ತಿದ್ದಾನೆ."

"ಟೀಚರ್..."

"ಬಾಸಿಲ್ ಸತ್ತಿದ್ದಾನೆ. ನಾನೇ ಮಣ್ಣು ಮಾಡಿದೆ. ಈಗ ಹೇಳಿದ್ದು ಮುದುಕಿಯ ಅರಳುಮರಳು. ಕೋರ್ಟಿಗೆ ಕರೆಸು, ಅಲ್ಲಿಯೂ ಹೀಗೇ ಹೇಳ್ತೇನೆ."

"ಒಸ್ವಾಲ್ಡ್?"

ಅವರು ಕಣ್ಣು ಮುಚ್ಚಿಕೊಂಡರು. ಅದೇ ಹೊತ್ತಿಗೆ ಒಳಗಿನ ಬಾಗಿಲು ತೆರೆಯಿತು.

ಬಾಸಿಲ್ ನಿಂತಿದ್ದ. ಬಿಸಿಲು ಕಾಣದೆ ಮುಖ ಬಿಳುಚಿತ್ತು, ಗಡ್ಡ ಬೆಳೆದಿತ್ತು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಾನೆಂದು ಕಣ್ಣೇ ಹೇಳುತ್ತಿತ್ತು. ಬದುಕಿದ್ದಾನಲ್ಲ ಎಂದು ನನ್ನ ಜೀವ ಒಮ್ಮೆ ತಂಪಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಟೀಚರ್ ಎದ್ದು ನನಗೂ ಅವನಿಗೂ ನಡುವೆ ನಿಂತರು.

"ಇವನು ಯಾರೋ, ಕಮಲಾಕ್ಷ. ಬಾವಿ ಕೆಲಸಕ್ಕೆ ಬಂದವನು. ನನ್ನ ಮಗ ಅಲ್ಲ."

"ಮಾಂಯ್!"

"ನನಗೆ ಗುರುತೇ ಇಲ್ಲ. ನೋಡು, ನನ್ನ ಮುಖ ನೋಡಿ ಬರೆದುಕೋ. ಇವನು ನನ್ನ ಮಗ ಅಲ್ಲ."

ಯಾವ ತಾಯಿಗೂ ಆ ಮಾತು ಬಾಯಿಂದ ಬರುವ ಕಾಲ ಬಾರದಿರಲಿ. ಹೇಳುವಾಗ ಅವರ ಕೈ ಮಾತ್ರ ಹಿಂದಕ್ಕೆ ಹೋಗಿ ಮಗನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು.

ಬಾಸಿಲ್ ಆ ಮುಷ್ಟಿಯನ್ನು ಮೆಲ್ಲ ಬಿಡಿಸಿದ.

"ಸಾಕು ಮಾಂಯ್. ಇಷ್ಟು ದಿನ ಪರದೇಶಿಯಾಗಿದ್ದೆ, ನಿನ್ನ ಬಾಯಲ್ಲೂ ಆಗಬೇಕಾ? ಸಾರ್, ನಾನು ಬಾಸಿಲ್ ರೆಬೆಲ್ಲೊ. ಎಲ್ಲಿ ಸಹಿ ಹಾಕಬೇಕು ಹೇಳಿ."

"ಕೂತುಕೋ" ಎಂದೆ. "ಸತ್ತವನು ಯಾರು?"

"ದೇವರಾಣೆ ಗೊತ್ತಿಲ್ಲ. ನನಗೆಂತ ಹೆದರಿಕೆ? ನಾನು ಹೊಳೆಯ ಕಡೆ ಹೋಗಲೇ ಇಲ್ಲ. ನೋಟೀಸು ಬಂದ ಮೇಲೆ ಈ ಮನೆಯಿಂದ ಕಾಲು ಹೊರಗೆ ಇಟ್ಟಿಲ್ಲ."

"ಬಾಸಿಲ್, ಸುಮ್ಮನಿರು" ಎಂದರು ಟೀಚರ್.

"ಯಾಕೆ ಸುಮ್ಮನಿರಬೇಕು? ಇರಲಿಕ್ಕೆ ಅಪ್ಪಣೆ ಬಂದಿದೆ, ಒಸ್ವಾಲ್ಡ್ ಬಾಪ್ಪು ಜೈಲಿನಲ್ಲಿದ್ದಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ." ಅವನು ನನ್ನ ಕಡೆ ಬಗ್ಗಿದ. ದಡದಡ ಮಾತಾಡಿದ, ಬಾಯಿ ಕಟ್ಟಿಕೊಂಡು ಬದುಕಿದವನಿಗೆ ಮಾತು ಸಿಕ್ಕಿದ ಹಾಗೆ. "ಕೋಟು, ಪಾಸ್‌ಪೋರ್ಟ್ ಎರಡನ್ನೂ ನಾನು ಕಾಣೆಯಾದ ದಿನ ತಗೊಂಡು ಹೋದದ್ದು ಮಾಂಯ್. ಬೋಳಾರದ ಹೊಳೆಬದಿಯಲ್ಲಿ ಇಟ್ಟು ಬರ್ತೇನೆ, ನೀನು ನೀರಿಗೆ ಹಾರಿದೆ ಅಂತ ಪೊಲೀಸರು ತಿಳಿದುಕೊಳ್ಳಲಿ ಅಂದಳು. ಇಟ್ಟು ಬಂದಳು. ಅಲ್ಲಿ ಬಿದ್ದಿದ್ದ ಕೋಟನ್ನು ಯಾವನೋ ಪಾಪದವನು ಹಾಕಿಕೊಂಡಿರಬೇಕು. ಆಮೇಲೆ ಅವನಿಗೆ ಎಂತ ಆಯಿತೋ. ನಮ್ಮ ತಪ್ಪು ಇಷ್ಟೇ ಸಾರ್. ಅಲ್ವಾ ಮಾಂಯ್?"

ಅವನ ಮುಖದಲ್ಲಿ ನಗು ಇತ್ತು. ಎಲ್ಲ ಬಿಡಿಸಿ ಹೇಳಿ ಮುಗಿಸಿದೆ, ಇನ್ನು ಬಿಸಿಲಿಗೆ ಬರಬಹುದು ಎನ್ನುವ ನಗು.

ಆ ಹೆಣದ ಕೋಟನ್ನು ಬಿಚ್ಚಿದವನು ನಾನೇ. ಗುಂಡಿಗಳನ್ನು ಕುತ್ತಿಗೆಯ ತನಕ ಒಂದೂ ಬಿಡದೆ ಹಾಕಿತ್ತು, ಕಾಲರನ್ನು ಮೇಲೆತ್ತಿ ಕಿವಿ ಮುಚ್ಚಿತ್ತು. ಗಂಡಸರು ಕೋಟು ಹಾಗೆ ಹಾಕಿಕೊಳ್ಳುವುದಿಲ್ಲ. ಬೇರೆ ಯಾರೋ ಹಾಕಿ ಕೊಟ್ಟರೆ ಮಾತ್ರ ಹಾಗೆ ಇರುತ್ತದೆ.

ನಾನು ಟೀಚರನ್ನು ನೋಡಿದೆ. ಕೇಳಬೇಕಾದ ಪ್ರಶ್ನೆ ನಾಲಿಗೆಯ ಮೇಲಿತ್ತು, ಕೇಳುವ ಮನಸ್ಸು ಇರಲಿಲ್ಲ.

"ಬಾಸಿಲ್, ನೀನು ಒಳಗೆ ಹೋಗು ಪುತಾ" ಎಂದರು ಅವರು.

"ಎಂತಕ್ಕೆ?"

"ಹೋಗು ಅಂದೆ."

ಅವನು ಹೋಗಲಿಲ್ಲ. ನಗು ಮಾತ್ರ ಮೆಲ್ಲ ಮಾಯವಾಯಿತು. ಟೀಚರ್ ಅವನ ಕಡೆ ನೋಡದೆ ನನ್ನ ಎದುರು ಬಂದು ಕೂತರು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಬಿದ್ದ ಕೋಟನ್ನು ಅವನು ಹಾಕಿಕೊಂಡದ್ದಲ್ಲ, ಕಮಲಾಕ್ಷ. ಹೊಳೆಬದಿಯಲ್ಲಿ, ನೀರಿನ ಅಂಚಿಗೇ, ತಲೆ ಒಡೆದುಕೊಂಡು ಬಿದ್ದಿದ್ದ. ಯಾರ ಮಗನೋ. ಕೋಟು ತೊಡಿಸಿದ್ದು ನಾನು."

"ಹೆಣಕ್ಕೆ?"

ಟೀಚರ್ ಅಲ್ಲವೆಂದು ತಲೆ ಅಲ್ಲಾಡಿಸಿದರು.

"ಚಳಿಯಲ್ಲಿ ನಡುಗ್ತಿದ್ದ" ಎಂದರು. "ಹಾಗೇ ಬಿಟ್ಟು ಬರುವಾಗ ಅವನಿಗೆ ಇನ್ನೂ ಜೀವ ಇತ್ತು."